ಒಂದು ಆಫೀಸಿಗೆ ಒಂದು ಹೂಜಿ

ಮೊನ್ನೆ ಸಾಗರದ ಪೇಟೆಯಲ್ಲಿ ಕಾಲು ಸೋತು ಒಂದು ಚಹದಂಗಡಿಯ ಸ್ಟೂಲಿನ ಮೇಲೆ ಕುಳಿತೆ. ಏಳಲು ಕೈ ಊರಿದಾಗ ಅಂಚಿನಲ್ಲಿ ಬಿಳಿ ಬಣ್ಣದ ಅಂಕೆಯೊಂದು ಕಂಡಿತು, ಅರ್ಧ ಅಳಿಸಿತ್ತು. ನಮ್ಮ ಮರದ ಕಂಪನಿಯ ಸ್ಟೂಲು. ಕಂಪನಿ ಮುಚ್ಚಿದಾಗ ಯಾರೋ ಹರಾಜಿನಲ್ಲಿ ಹಿಡಿದಿರಬೇಕು... ದೊಡ್ಡ ಗುಮಾಸ್ತರು ನೆನಪಾದರು.

ಕಂಪನಿಯ ಮುಖ್ಯ ಕಚೇರಿ ಬೊಂಬಾಯಿಯಲ್ಲಿತ್ತು. ಸಾಗರದ್ದು ಬರೀ ಡಿಪೋ. ಹೊರಗೆ ದಿಮ್ಮಿಗಳು, ಒಳಗೆ ಮೂವರು ಗುಮಾಸ್ತರು. ಕಾಡಿನಿಂದ ಮರ ಬಂತೇ ಎಂದು ಕೇಳಲು ಮರೆತರೂ ಬೊಂಬಾಯಿಯವರು ಗುಂಡುಸೂಜಿ ಎಷ್ಟು ಉಳಿದಿದೆ ಎಂದು ಕೇಳಲು ಮರೆಯುತ್ತಿರಲಿಲ್ಲ. ಕಸಬರಿಗೆ ಸವೆದರೆ ಅದರ ಮೋಟನ್ನು ಪಾರ್ಸೆಲ್ ಮಾಡಿ ಕಳಿಸಬೇಕು, ಆಮೇಲೆ ಹೊಸದಕ್ಕೆ ಅಪ್ಪಣೆ. ಮೇಜಿನ ಗಂಟೆ ಯಾವ ಕೈಯ ಕಡೆಗಿರಬೇಕು ಎಂಬುದಕ್ಕೂ ಸರ್ಕ್ಯುಲರ್. ಪ್ರತಿ ವಸ್ತುವಿನ ಮೇಲೂ ಅಂಕೆ, ಕುಡಿಯುವ ನೀರಿನ ಮಣ್ಣಿನ ಹೂಜಿಯ ಮೇಲೂ. ಅಂಕೆಯಿಲ್ಲದ್ದು ಒಳಗೆ ಬರಕೂಡದು. ಒಬ್ಬ ಗುಮಾಸ್ತ ಮನೆಯಿಂದ ಕುರ್ಚಿಗೊಂದು ದಿಂಬು ತಂದದ್ದಕ್ಕೆ, ಅದು ಯಾರದು, ಏಕೆ ಬಂತು, ಯಾವಾಗ ಹೋಗುತ್ತದೆ ಎಂದು ಮಳೆಗಾಲ ಮುಗಿಯುವವರೆಗೆ ಪತ್ರ ನಡೆದಿತ್ತು.

ಇವಕ್ಕೆಲ್ಲ ಉತ್ತರ ಬರೆಯುತ್ತಿದ್ದವರು ದೊಡ್ಡ ಗುಮಾಸ್ತರು. ಹೊಸನಗರದ ಕಡೆಯ ಜೈನರು. ಮೆಲುಮಾತು, ಬಾಗಿದ ಬೆನ್ನು. ಹೂಜಿಯ ಬಾಯಿಗೆ ದಿನವೂ ಬಿಳಿ ಬಟ್ಟೆ ಕಟ್ಟಿ ತಾವೇ ನೀರು ಸೋಸುತ್ತಿದ್ದರು. ಟಪಾಲು ಬಂದಾಗಲೆಲ್ಲ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇವತ್ತೆಂತ ಕೇಳಿದಾರೋ" ಎನ್ನುತ್ತಿದ್ದರು.

ನಾನು ಅಲ್ಲಿ ಜವಾನ. ಬೊಂಬಾಯಿಯಿಂದ ತಪಾಸಣೆಗೆ ಬಂದ ಬಿಳಿ ದೊರೆಯೊಬ್ಬ ನನ್ನಿಂದ ನಾಲ್ಕು ಸಾಲು ಓದಿಸಿ ಕೆಲಸ ಕೊಟ್ಟಿದ್ದ. ನಾನು ಊರಾಚೆಯ ಕೇರಿಯವನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಊರಿಗಂತೂ ಗೊತ್ತಿತ್ತು. ಹೂಜಿಯ ಹತ್ತಿರ ನಾನು ಸುಳಿಯುವಂತಿರಲಿಲ್ಲ. ಡಿಪೋದ ಹಿಂದಿನ ಹಳ್ಳಕ್ಕೆ ಹೋಗಿ ಕುಡಿದು ಬರುತ್ತಿದ್ದೆ. ಬೇಸಿಗೆಯಲ್ಲಿ ಹಳ್ಳ ಬತ್ತಿತು.

"ಅಯ್ಯಾ, ಹಳ್ಳದಾಗೆ ನೀರಿಲ್ಲ. ಎಂತ ಮಾಡ್ಲಿ?" ಎಂದೆ.

"ಇನ್ನೊಂದು ಹೂಜಿಗೆ ಬರೀತೀನಿ ತಡಿ" ಎಂದರು.

ಬರೆದರು. ಒಂದು ಆಫೀಸಿಗೆ ಒಂದು ಹೂಜಿ ಎಂದು ಉತ್ತರ ಬಂತು. ಜನ ಹೆಚ್ಚಾಗಿದ್ದಾರೆ ಎಂದು ಬರೆದರು. ಹಾಗಿದ್ದರೆ ಈಗಿರುವ ಹೂಜಿಯ ಸುತ್ತಳತೆ ತಿಳಿಸಿ ಎಂದರು ಬೊಂಬಾಯಿಯವರು. ದೊಡ್ಡ ಗುಮಾಸ್ತರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹೂಜಿಗೆ ದಾರ ಸುತ್ತಿ ಅಳೆದರು. ಬಾಯಾರಿದ ನಾನು ಹೊಸ್ತಿಲಾಚೆ ನಿಂತು ನೋಡಿದೆ. ನಗು ಬಂತು; ಗಂಟಲು ಒಣಗಿತ್ತು, ನಗಲಿಲ್ಲ. ಕೊನೆಗೆ ಎಲ್ಲರೂ ಒಂದೇ ಹೂಜಿ ಮುಟ್ಟುವುದು ಇಲ್ಲಿಯ ರೂಢಿಯಲ್ಲ ಎಂದು ಬರೆದುಬಿಟ್ಟರು. ಅದಕ್ಕೆ ಬಂದ ಪತ್ರವನ್ನು ಅವರು ಬಹಳ ಹೊತ್ತು ಕೆಳಗಿಡಲಿಲ್ಲ.

ಯಾವ ನೌಕರ ಹೂಜಿ ಮುಟ್ಟಲು ತಕ್ಕವನಲ್ಲ, ಏಕೆ ತಕ್ಕವನಲ್ಲ ಎಂದು ಸ್ಪಷ್ಟವಾಗಿ ಬರೆದು, ಆ ನೌಕರನ ರುಜುವನ್ನೂ ಹಾಕಿಸಿ ಕಳಿಸಬೇಕಂತೆ. ದೊಡ್ಡ ಗುಮಾಸ್ತರು ನನಗೂ ಓದಲು ಬರಲೆಂದು ಕನ್ನಡದಲ್ಲಿ ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿದರು.

"ನಿನ್ ರುಜು ಬೇಕಂತೆ ಮಾರಾಯ."

ಓದಿದೆ. ನನ್ನ ಹೆಸರು, ನನ್ನ ಜಾತಿ, ನಾನು ಅಯೋಗ್ಯನೆಂಬ ಮಾತು. ಕಾಗದವನ್ನು ಅವರ ಕಡೆಗೇ ತಿರುಗಿಸಿದೆ.

"ಇದ್ಕೆ ನಾ ರುಜು ಹಾಕದಿಲ್ಲ ಅಯ್ಯಾ. ಕೆಲ್ಸ ಹೋದ್ರೂ ಹೋಗ್ಲಿ."

ಅವರು ನನ್ನನ್ನು ನೋಡಲಿಲ್ಲ. ಕಾಗದವನ್ನು ನಿಧಾನವಾಗಿ ಹರಿದರು.

"ನಂಗೂ ಬರ್ದು ಬರ್ದು ಸಾಕಾಯ್ತು. ಹೋಗು, ಅದ್ರಲ್ಲೇ ಕುಡಿ."

ಕುಡಿದೆ. ಗುಟುಕಿನ ಸದ್ದು ಇಡೀ ಕೋಣೆಗೆ ಕೇಳಿಸಿತು. ಉಳಿದಿಬ್ಬರು ಗುಮಾಸ್ತರು ಪೆನ್ನು ಕೆಳಗಿಟ್ಟರು. ಮಧ್ಯಾಹ್ನ ದೊಡ್ಡ ಗುಮಾಸ್ತರು ಎದ್ದು ಹೋಗಿ, ಹೂಜಿಯ ಮುಂದೆ ಕೊಂಚ ನಿಂತು, ಬಗ್ಗಿಸಿಕೊಂಡು ಕುಡಿದರು. ಮರುದಿನದಿಂದ ಆ ಇಬ್ಬರು ಮನೆಯಿಂದ ನೀರು ತಂದರು. ಆ ಚೊಂಬುಗಳಿಗೆ ಅಂಕೆಯಿರಲಿಲ್ಲ. ದೊಡ್ಡ ಗುಮಾಸ್ತರು ಕಂಡೂ ಕಾಣದಂತಿದ್ದರು.

ಎರಡನೆಯ ಹೂಜಿ ಬೇಡವಾಗಿದೆ ಎಂದು ಬೊಂಬಾಯಿಗೆ ಬರೆದರು. ಬೇಡವಾಗಲು ಕಾರಣವೇನು ಎಂದು ಕೇಳಿ ಉತ್ತರ ಬಂತು. ಅವರು ಉತ್ತರಿಸದೆ ಬಿಟ್ಟ ಪತ್ರ, ನಾನು ಕಂಡಂತೆ, ಅದೊಂದೇ.

ಹೂಜಿಯ ಸುದ್ದಿ ಹಬ್ಬಿ, ಅವರ ನಂಟರ ಮನೆಯ ಮದುವೆಯಲ್ಲಿ ಅವರನ್ನು ಪಂಕ್ತಿಯ ಆಚೆ ಕೂರಿಸಿದರೆಂದು ಕೇಳಿದೆ. ಮುಂದೆ ಘಟ್ಟದ ಕೆಳಗಿನ ಡಿಪೋಗೆ ವರ್ಗವಾಯಿತು. ಹುಲಿಕಲ್ ಘಾಟಿ ಇಳಿಯುವ ಬಸ್ಸಿಗೆ ಅವರ ಟ್ರಂಕು ಏರಿಸಿದವನು ನಾನೇ. ಒಂದು ಮಾತು ಕೇಳಬೇಕೆಂದಿದ್ದೆ... ಆವತ್ತು ನನ್ನ ಸಲುವಾಗಿ ಮಾಡಿದಿರೋ, ಬರೆಯಲು ಬೇಸತ್ತು ಮಾಡಿದಿರೋ ಎಂದು. ಕೇಳದೆ ಟ್ರಂಕಿನ ಹಗ್ಗ ಬಿಗಿದೆ. "ಹುಷಾರಾಗಿರು" ಎಂದರು. ಬಸ್ಸು ಹೋಯಿತು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಬಹಳ ಕಾಲ ಅದು ಬರೀ ಬೇಸರವೆಂದೇ ನಂಬಿದ್ದೆ. ಈಗ ನಾನೂ ದಣಿದಿದ್ದೇನೆ. ದಣಿದವನು ಸುಲಭದ ದಾರಿಯನ್ನೇ ಹಿಡಿಯುತ್ತಾನೆಂದು ಬಲ್ಲೆ. ನನ್ನನ್ನು ಬಿಡಿಸಿ ಬೇರೊಬ್ಬ ಜವಾನನನ್ನು ಇಟ್ಟುಕೊಳ್ಳಲು ಅವರಿಗೆ ಒಂದು ಸಾಲು ಬರೆದರೆ ಸಾಕಿತ್ತು. ಆ ಸಾಲನ್ನು ಅವರು ಬರೆಯಲಿಲ್ಲ. ಇದು ನನಗೆ ಹೊಳೆಯುವ ಹೊತ್ತಿಗೆ, ಹೋಗಿ ಹೇಳೋಣವೆಂದರೆ ಅವರಿಲ್ಲ.