ಕೊರೆಯದ ಮೀಟರು

ಕ್ಯಾಸ್ಪಿಯನ್ ಕಡಲಾಚೆಯ ಈ ಮರಳುಗಾಡಿನ ಎಣ್ಣೆಬಾವಿಯಲ್ಲಿ ಎಣ್ಣೆ ಬಂತೇ ಎಂದು ಯಾರೂ ಕೇಳುವುದಿಲ್ಲ. ದಿನಕ್ಕೆ ಇಷ್ಟು ಮೀಟರ್ ಕೊರೆಯಬೇಕೆಂದು ರಾಜಧಾನಿಯಿಂದ ಸರ್ಕಾರದ ಆದೇಶ ಬರುತ್ತದೆ, ಅಷ್ಟೇ.

ಇವತ್ತು ಕೊರೆಯುವ ಪೈಪು ಅದುರತೊಡಗಿತು. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಬೋರ್‌ವೆಲ್ ಕೊರೆದವನು ನಾನು. ತುದಿಯ ಹಲ್ಲು ಸವೆದಿದೆಯೆಂದು ಕೈಗೇ ಗೊತ್ತಾಯಿತು. ಯಂತ್ರ ನಿಲ್ಲಿಸಿ, ಪೈಪೆಲ್ಲ ಮೇಲೆತ್ತಿ, ಹಲ್ಲು ಬದಲಿಸಿ, ಅದೇ ಗುಂಡಿಗೆ ಮತ್ತೆ ಇಳಿಸುವಷ್ಟರಲ್ಲಿ ಸಂಜೆಯಾಯಿತು. ಹೊಸದಾಗಿ ಒಂದು ಮೀಟರೂ ಕೊರೆದಿರಲಿಲ್ಲ.

ಬಾವಿಯ ಉಸ್ತುವಾರಿ ಸಾಹೇಬರು ಮೇಜಿನ ಮೇಲೆ ದಿನದ ಲೆಕ್ಕದ ಹಾಳೆ ಸರಿಸಿದರು. ಮತ್ತೆ ಇಳಿಸಿದ ಪೈಪಿನ ಉದ್ದವನ್ನೇ ಇವತ್ತು ಕೊರೆದದ್ದೆಂದು ಬರೆದಿದ್ದರು. ನಾನು ರುಜು ಹಾಕಬೇಕಿತ್ತು.

“ಆಕ್ಬುಡ್ಲಾ, ಇಲ್ಲಾಂದ್ರೆ ನಾಳೇನೇ ಊರ್ಗೆ ಇಮಾನ ಅತ್ತುಸ್ತಾರೆ,” ಎಂದು ಜೊತೆಗಾರ, ಮಿರ್ಲೆಯ ರಫೀಕ್ ಪಿಸುಗುಟ್ಟಿದ.

“ಕೊರೀದಿರೋ ಮೀಟ್ರಿಗೆ ನನ್ನ ಎಸ್ರು ಆಕಾಕಿಲ್ಲ ಕಣ್ಲಾ,” ಎಂದೆ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಚಾಚಿದರು. ನಾನು ಕೈಗವಸು ಬಿಚ್ಚಲಿಲ್ಲ.