ಮೇಲಿನ ಡಬ್ಬಿ ಮುನಿದರೆ ಸಾಬೇರಾ ಬರಬೇಕು

ಸುರಪುರದ ರಂಗಂಪೇಟೆ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹತ್ತಿ ವ್ಯಾಪಾರಿ ಖಾಜಾಹುಸೇನರ ಕಲ್ಲುಮನೆಯ ಪಡಸಾಲೆಯಲ್ಲಿ ಸಾಬೇರಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮುಂದೆ ಎರಡು ಬಿಳಿ ವೈಫೈ ಡಬ್ಬಿ. ಒಂದರ ದೀಪ ಹಸಿರು, ಇನ್ನೊಂದರದು ಕೆಂಪು. ದುಪಟ್ಟಾಕ್ಕೆ ಚುಚ್ಚಿದ ಪಿನ್ನು ತೆಗೆದು ಕೆಂಪು ದೀಪದ ಡಬ್ಬಿಯ ಬೆನ್ನಿನ ತೂತಿನೊಳಗೆ ಒತ್ತಿ ಹಿಡಿಯುತ್ತಾರೆ. ದೀಪ ಆರುತ್ತದೆ, ಮತ್ತೆ ಹತ್ತುತ್ತದೆ. ಕೆಂಪಾಗಿಯೇ.

"ಇನ್ನೂ ಸಿಟ್ಟು ಇಳಿದಿಲ್ಲ ಇದಕ್ಕ," ಎನ್ನುತ್ತಾರೆ ಸಾಬೇರಾ. ನಗುವಷ್ಟು ನಿದ್ದೆ ಆಗಿಲ್ಲ, ಹಾಗಾಗಿ ನಗುವುದಿಲ್ಲ.

ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ನಿಂತವರು ಮನೆಯ ಸೊಸೆ ಮೆಹನಾಜ. ಬಿ.ಇಡಿ. ಮಾಡಿಕೊಂಡಿದ್ದಾರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾಗಿ ಮನೆಯಲ್ಲೇ ಉಳಿದ ಹುಡುಗಿಯರಿಗೆ ಮಹಡಿಯ ಕೋಣೆಯಿಂದ ವಿಡಿಯೊದಲ್ಲಿ ಪಾಠ ಹೇಳುತ್ತಾರೆ. ಕೊಂಕಲ್‌ದವರು, ವನದುರ್ಗದವರು, ಶಹಾಪುರದವರು. ಪಾಠ ನಸುಕಿನಲ್ಲೇ ಆಗಬೇಕು, ಯಾಕೆಂದರೆ ಆಮೇಲೆ ಆ ಮನೆಗಳ ಫೋನು ಅಪ್ಪನ ಜೇಬಿನಲ್ಲೋ ಅಣ್ಣನ ಜೇಬಿನಲ್ಲೋ ಹೊರಗೆ ಹೋಗುತ್ತದೆ. ಕೆಳಗೆ ಕೂತು ಪಾಠ ಮಾಡೋಣವೆಂದರೆ ಪಡಸಾಲೆಗೆ ಪಾಠದ ನಡುವೆಯೇ ತೂಕದವರು, ದಲಾಲರು ಬಂದು ತುಂಬುತ್ತಾರೆ. ಮೊಳದಪ್ಪದ ಕಲ್ಲುಗೋಡೆ ದಾಟಿ ಮೇಲಕ್ಕೆ ಸಿಗ್ನಲ್ ಏರುವುದಿಲ್ಲ. ಅದಕ್ಕೇ ಮೆಶ್ ವೈಫೈ. ಕೆಳಗೊಂದು ಡಬ್ಬಿ, ಮೇಲೊಂದು ಡಬ್ಬಿ, ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಮನೆ ತುಂಬ ನೆಟ್ ಹಂಚಬೇಕು. ಕೂಡಿಸಿ ಕೊಟ್ಟವರು ಸಾಬೇರಾ. "ಇದು ಹಾಕಿದ್ರ ನಿಮ್ಮ ಕ್ಲಾಸ್ ನಿಲ್ಲಂಗಿಲ್ಲ" ಎಂದು ಬಾಯಿ ಬಿಟ್ಟು ಹೇಳಿದವರೂ ಅವರೇ.

ಈಗ ಆ ಮಾತಿನ ಮಾನ ಉಳಿಯಬೇಕು. ದಿವಾನದ ಮೇಲೆ ತಸ್ಬಿಯ ಮಣಿ ಎಣಿಸುತ್ತ ಕೂತ ಅತ್ತೆ ಗೌಹರಬೇಗಂ ಹೋದ ಸಲವೇ ಗಡುವು ಕೊಟ್ಟಿದ್ದಾರೆ. ಮನೆಯೊಳಗಿನ ಮಾತು ದಖನಿ ಉರ್ದು. ಸುದ್ದಿ ಬರೆಯಲು ಬಂದ ಹೊರಗಿನವರು ಕೂತಿದ್ದಾರೆಂದು ಅವರು ಕನ್ನಡಕ್ಕೆ ಹೊರಳುತ್ತಾರೆ.

"ಇದು ಕಡೀ ಸಲ ಅಂತ ಹೇಳಿದ್ದೆ. ಮೇಲಿಂದು ಬಿಚ್ಚಿಕೊಂಡು ಹೋಗಿಬಿಡು ಸಾಬೇರಾ. ಕ್ಲಾಸೂ ಬ್ಯಾಡ, ಮುಂಜಾನೆದ್ದು ಈ ಗದ್ದಲನೂ ಬ್ಯಾಡ."

"ಸ್ವಲ್ಪ ತಡೀರಿ ಖಾಲಾ. ಕೂಡಾಕತ್ತಾವ," ಎನ್ನುತ್ತಾರೆ ಸಾಬೇರಾ. ಮೆಹನಾಜರ ಮೊಬೈಲಿನಲ್ಲಿ ಹುಡುಗಿಯರ ಮೆಸೇಜು ಒಂದರ ಹಿಂದೊಂದು ಬೀಳುತ್ತಿವೆ.

ಡಬ್ಬಿಗಳ ಜಗಳಕ್ಕೆ ಮೂಲ ಬಹಳ ದೂರದಲ್ಲಿದೆ. ತಯಾರು ಮಾಡಿದ ಕಂಪನಿಯವರು ಆಗಾಗ ಡಬ್ಬಿಯ ಒಳಗಿನ ತಂತ್ರಾಂಶವನ್ನು ಅಲ್ಲಿಂದಲೇ ಬದಲಿಸುತ್ತಾರೆ. ಯಾರನ್ನೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಮಂದಿಗೆ ತೊಂದರೆ ಆಗಬಾರದೆಂದು ಊರೆಲ್ಲ ಮಲಗಿದ ಹೊತ್ತು ನೋಡಿ ಕಳಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಬೆಳಗಾದ ಮೇಲಿನ ಬೈಗುಳ ಮಾತ್ರ ಕಂಪನಿಯ ವಿಳಾಸಕ್ಕೆ ಹೋಗದೆ ನೇರ ಸಾಬೇರಾರ ಫೋನಿಗೆ ಬರುತ್ತದೆ.

"ನಿನ್ನೆ ಬಂದು ಏನು ಮಾಡಿ ಹೋದಿ ಅಂತಾರ್ರಿ. ಕಡೀಗೆ ಮುಟ್ಟಿದಾಕಿ ನಾನು ನೋಡ್ರಿ. ಅಪ್ಡೇಟ್ ಬಂದದ ಅಂದ್ರ, ಯಾರು ಬಂದಿದ್ರು, ನಮ್ಮ ಮನಿಗೆ ಯಾರೂ ಬಂದಿಲ್ಲ ಅಂತಾರ."

ಶಹಾಪುರದ ಮಗಳು ಸಾಬೇರಾ ಪಿಯುಸಿ ಮುಗಿಸಿ ಮದುವೆಯಾಗಿ ಸುರಪುರಕ್ಕೆ ಬಂದವರು. ಗಂಡ ಗಯಾಸ ಊರಿನ ಕೇಬಲ್ ಆಫೀಸಿನಲ್ಲಿ ಕಂಬ ಹತ್ತಿ ವೈರು ಎಳೆಯುವ ಕೆಲಸದವರು. ಹಗಲು ಗಂಡಸರಿಲ್ಲದ ಮನೆಗಳಲ್ಲಿ ಗಯಾಸರಿಗೆ ಬಾಗಿಲ ಪರದೆಯವರೆಗೆ ಮಾತ್ರ ಪ್ರವೇಶ. ಡಬ್ಬಿ ಒಳಕೋಣೆಯಲ್ಲಿ, ಮೆಕ್ಯಾನಿಕ್ ಹೊಸ್ತಿಲಲ್ಲಿ. ಅಲ್ಲಿಂದಲೇ ಕೂಗಬೇಕು. ಸಣ್ಣ ತೂತು ಕಾಣ್ತದೇನ್ರಿ? ಒಳಗಿನಿಂದ ಉತ್ತರ, ಎರಡು ಕಾಣ್ತಾವಪ್ಪ, ಯಾವುದು? ಹೀಗೆ ಒಂದು ತೂತು ಹುಡುಕುವುದರಲ್ಲೇ ಮಧ್ಯಾಹ್ನವಾಗುತ್ತಿತ್ತು. ಬೇಸತ್ತ ಗಯಾಸ ಒಂದು ದಿನ ಹೆಂಡತಿಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೋದರು. ಅಂದಿನಿಂದ ಹೊರಗಿನ ವೈರು ಅವರದು, ಒಳಗಿನ ಡಬ್ಬಿ ಇವರದು. ಆಫೀಸಿನ ಹಾಜರಿಯಲ್ಲಿ ಮಾತ್ರ ಇವತ್ತಿಗೂ ಗಯಾಸರ ಹೆಸರೊಂದೇ ಇದೆ.

ಅಪ್ಡೇಟ್ ಬಂದ ದಿನ ಎಂಟು ಹತ್ತು ಮನೆಯಾಗುತ್ತದೆ. ಒಂದೊಂದು ಮನೆಯಲ್ಲೂ ಮೇಲಿನ ಡಬ್ಬಿಯನ್ನು ಕೆಳಗಿಳಿಸಿ, ಕೆಳಗಿನದರ ಪಕ್ಕ ಇಟ್ಟು, ಹಳೆಯದೆಲ್ಲ ಅಳಿಸಿ, ಎರಡಕ್ಕೂ ಮತ್ತೆ ಗುರುತು ಮಾಡಿಸಿ, ಮೇಲಕ್ಕೆ ಒಯ್ದಿಡಬೇಕು. ಹಳೆಯ ಮನೆಗಳ ಮೆಟ್ಟಿಲು ಕಡಿದು. ಹತ್ತಿಳಿದು ಮೊಣಕಾಲು ಹಿಡಿದುಕೊಂಡಿವೆ. ಮನೆಗೆ ಬಂದರೆ ಒಲೆ ಕಾದಿರುತ್ತದೆ. "ರೊಟ್ಟಿ ಬಡಿಯಾಕ ಕುಂತಾಗೂ ಕಣ್ಣಿನ ಮುಂದ ಕೆಂಪು ದೀಪನೇ ಬರ್ತದ್ರಿ," ಎನ್ನುತ್ತಾರೆ. ಆ ಅಪ್ಡೇಟನ್ನೇ ನಿಲ್ಲಿಸಲು ಬರುವುದಿಲ್ಲವೇ ಎಂದು ಕೇಳಿದರೆ ದೊಡ್ಡ ಉಸಿರು ಬಿಡುತ್ತಾರೆ. "ನಿಲ್ಲಿಸೋ ಜಾಗ ಹುಡುಕೀನ್ರಿ, ಸಿಕ್ಕಿಲ್ಲ. ಕಂಪನಿಗೆ ಫೋನ್ ಹಚ್ಚಿದೆ. ಕಳ್ಳರು ನೆಟ್‌ನ್ಯಾಗ ಹೊಕ್ಕಬಾರ್ದಂತ ಕಳಿಸ್ತೀವಿ, ನಿಲ್ಲಿಸಬಾರ್ದು ಅಂದ್ರು. ಅದೂ ಖರೇನ ಇರಬೇಕು."

ಎಲ್ಲ ಮನೆಯಲ್ಲೂ ಕೆಡುವುದಿಲ್ಲ, ಕೆಲವಲ್ಲೇ ಕೆಡುತ್ತದೆ. ಯಾಕೆ? ಇದು ಬಹಳ ದಿನ ಸಾಬೇರಾರ ತಲೆ ತಿಂದಿತ್ತು. ಬೋನಾಳದಲ್ಲಿ ಅಂಗನವಾಡಿ ಟೀಚರ್ ಮರಿಲಿಂಗಮ್ಮನವರ ಮನೆಯಲ್ಲೂ ಇದೇ ಡಬ್ಬಿಗಳಿವೆ. ಅಲ್ಲಿಂದ ಒಮ್ಮೆಯೂ ಫೋನು ಬಂದಿರಲಿಲ್ಲ. ಹೋದ ವಾರ ಬೇರೆ ಕೆಲಸಕ್ಕೆ ಆ ಊರಿಗೆ ಹೋದಾಗ ಕೇಳಿಯೇಬಿಟ್ಟರು, ನೀವು ಏನು ಮಾಡ್ತೀರಿ ಅಕ್ಕಾರ?

"ನಾವೇನು ಮಾಡೂಣು ಯವ್ವಾ? ನೀ ಹಚ್ಚಿ ಹೋದ ಮ್ಯಾಲ ಸ್ವಿಚ್ಚಿಗೆ ಕೈ ಹಚ್ಚಿಲ್ಲ," ಎಂದರು ಮರಿಲಿಂಗಮ್ಮ.

ಬೈಕಿನ ಹಿಂದೆ ಕೂತು ಊರಿಗೆ ಬರುವಾಗ ಸಾಬೇರಾಗೆ ಹೊಳೆಯಿತು. ಕೆಡುವ ಮನೆಗಳಲ್ಲೆಲ್ಲ ಮಲಗುವ ಮೊದಲು ಮೇಲಿನ ಡಬ್ಬಿಯ ಸ್ವಿಚ್ ತೆಗೆಯುತ್ತಾರೆ. ಕೆಳಗಿನದು ಮಾತ್ರ ಬಾಗಿಲ ಕಾವಲಿನ ಕ್ಯಾಮೆರಾ ಸಲುವಾಗಿ ಉರಿಯುತ್ತಿರುತ್ತದೆ. ಅಪ್ಡೇಟ್ ಬಂದಾಗ ಎಚ್ಚರಿದ್ದದ್ದು ಹೊಸದಾಗುತ್ತದೆ, ಮಲಗಿದ್ದು ಹಳೆಯದಾಗಿಯೇ ಉಳಿಯುತ್ತದೆ. ಬೆಳಿಗ್ಗೆ ಒಂದಕ್ಕೊಂದು ಗುರುತು ಸಿಗುವುದಿಲ್ಲ.

ಕಾರಣ ಸಿಕ್ಕಿದ್ದೇನೋ ಸರಿ, ಅದನ್ನು ಗೌಹರಬೇಗಂಗೆ ಹೇಳುವುದು ಹೇಗೆ? ಇವತ್ತು ಹೇಳಲೇಬೇಕು. ಪಡಸಾಲೆಯಲ್ಲಿ ಎರಡನೆಯ ದೀಪವೂ ಕೊನೆಗೆ ಹಸಿರಾಗುತ್ತದೆ. ಮೆಹನಾಜ ಡಬ್ಬಿ ಎತ್ತಿಕೊಂಡು ಮೇಲೆ ಓಡುತ್ತಾರೆ. ಸಾಬೇರಾ ದಿವಾನದ ಹತ್ತಿರ ಸರಿದು, ದನಿ ತಗ್ಗಿಸಿ, ರಾತ್ರಿ ಸ್ವಿಚ್ ತೆಗೆಯದಿದ್ದರೆ ಇದು ಕೆಡಲಿಕ್ಕಿಲ್ಲ ಎನ್ನುತ್ತಾರೆ.

ಗೌಹರಬೇಗಂ ಕೈಯ ತಸ್ಬಿ ನಿಲ್ಲುತ್ತದೆ. "ಹತ್ತಿ ಇಟ್ಟ ಮನಿ ಇದು. ನಾ ಮದುವ್ಯಾಗಿ ಬಂದ ವರ್ಷ ಒಂದು ಸ್ವಿಚ್ಚಿನ ಕಿಡಿಗೆ ಹಿಂದಿನ ಗೋದಾಮು ಸುಟ್ಟು ಬೂದಿ ಆತು. ಕೆಳಗಿಂದರ ಮುಂದ ಕಾವಲಿನವ ಕುಂತಿರ್ತಾನ, ನಡೀತದ. ಮ್ಯಾಲ ಯಾರು ಕುಂದರ್ತಾರ? ನಾ ಹ್ಯಾಂಗ ಬಿಡ್ಲಿ?"

ಬೆಂಕಿ ಕಂಡವರ ಜೊತೆ ಸಾಬೇರಾ ವಾದಕ್ಕೆ ಇಳಿಯುವುದಿಲ್ಲ. ತಲೆ ತಗ್ಗಿಸಿ ವೈರು ಸುತ್ತುತ್ತಾರೆ. ಅಷ್ಟರಲ್ಲಿ ಮಹಡಿಯಿಂದ ಮೆಹನಾಜರ ದನಿ ಕೇಳುತ್ತದೆ. ಕೊಂಕಲ್‌ದ ಶಿವಾನಿಗೆ ಲೆಕ್ಕ ಬಿಡಿಸಲು ಹೇಳುತ್ತಿದ್ದಾರೆ. ಹುಡುಗಿ ತಡವರಿಸುತ್ತ, ಮತ್ತೆ ಮೊದಲಿನಿಂದ ಶುರು ಮಾಡುತ್ತ, ಅಂತೂ ಉತ್ತರ ಹೇಳುತ್ತಾಳೆ. ಗೌಹರಬೇಗಂ ಅದನ್ನು ಪೂರ್ತಿ ಕೇಳುತ್ತಾರೆ.

"ಪಾಸ್ ಆಗ್ತಾಳೇನು ಆಕಿ?" ಎಂದು ಕೇಳುತ್ತಾರೆ.

"ಕ್ಲಾಸ್ ನಡದ್ರ ಆದಾಳ್ರಿ ಖಾಲಾ."

ಮತ್ತೆ ತಸ್ಬಿ ತಿರುಗತೊಡಗುತ್ತದೆ. ಬಿಚ್ಚಿಕೊಂಡು ಹೋಗು ಎಂಬ ಮಾತು ಅವತ್ತು ಮತ್ತೆ ಬರುವುದಿಲ್ಲ.

ಅಂದಿನಿಂದ ಆ ಮನೆಯ ಮೇಲಿನ ಡಬ್ಬಿ ರಾತ್ರಿಯೂ ಉರಿಯುತ್ತಿದೆ. ಕ್ಲಾಸು ತಪ್ಪಿಲ್ಲ. ಆದರೆ ದಿನಾ ಸಂಜೆ ಸಾಬೇರಾರ ಫೋನು ಬಡಿದುಕೊಳ್ಳುತ್ತದೆ. ಗೌಹರಬೇಗಂ ಕೇಳುವುದು ಒಂದೇ ಮಾತು, ಇವತ್ತು ಸ್ವಿಚ್ ತೆಗೀಲೇನು, ಬ್ಯಾಡೇನು? ಅಪ್ಡೇಟ್ ಎಂದು ಬರುತ್ತದೆ ಎಂಬುದು ಸಾಬೇರಾಗೂ ಗೊತ್ತಿಲ್ಲ. ಹಾಗಾಗಿ ದಿನಾ ಅದೇ ಉತ್ತರ, ಬ್ಯಾಡ್ರಿ ಖಾಲಾ. ಆಮೇಲೆ ಮುದುಕಿ ರಾತ್ರಿ ಎರಡು ಸಲ ಎದ್ದು, ಗೋಡೆ ಹಿಡಿದು ಕಡಿದಾದ ಮೆಟ್ಟಿಲು ಹತ್ತಿ, ಡಬ್ಬಿ ಬಿಸಿಯಾಗಿದೆಯೋ ಏನೋ ಎಂದು ಅಂಗೈಯಿಂದ ಮುಟ್ಟಿ ನೋಡಿ ಬರುತ್ತಾರೆ. ಮೆಹನಾಜ ಹೇಳಿದ್ದು ಇದನ್ನು. ಕೇಳಿದ ದಿನದಿಂದ ಸಾಬೇರಾಗೂ ರಾತ್ರಿ ನಡುವೆ ಎಚ್ಚರವಾಗುತ್ತದೆ.

ಕಂಪನಿಯವರು ಎದುರಿಗೆ ಸಿಕ್ಕರೆ ಏನು ಕೇಳುತ್ತೀರಿ? ಸಾಬೇರಾ ತಮ್ಮ ಹೆಸರಿಲ್ಲದ ಆಫೀಸಿನ ಹಾಜರಿಯ ಮಾತು ಎತ್ತುವುದಿಲ್ಲ. ಪಗಾರದ ಮಾತೂ ಎತ್ತುವುದಿಲ್ಲ.

"ಹಿಂದಿನ ದಿನ ಒಂದು ಮಾತು ಹೇಳಿದ್ರ ಸಾಕ್ರಿ, ನಾಳೆ ಕಳಸ್ತೀವಿ ಅಂತ. ಅವತ್ತೊಂದು ದಿನ ಸ್ವಿಚ್ ಇಡ್ರಿ ಅಂತೀನಿ. ಉಳಿದ ದಿನ ತೆಗೆದು ಮಲಗ್ರಿ ಖಾಲಾ ಅಂತೀನಿ. ಅವರೂ ಮಲಗ್ತಾರ, ನಾನೂ ಮಲಗ್ತೀನಿ."