ಟೇಲರ್ ಮಾಡುತ್ತಿದ್ದ ತಿಂಡಿ

ಸವಣೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಎದುರಿಗೆ ಒಬ್ಬ ಟೇಲರ್ ಇದ್ದರು. ಅವರ ಹೆಂಡತಿಗೆ ಶುಗರ್ ಬಂದು, ಎಣ್ಣೆಯದನ್ನು ಬಿಡಿ, ಸ್ವಲ್ಪ ಸ್ವಲ್ಪ ತಿನ್ನಿ ಎಂದು ಡಾಕ್ಟರ್ ಹೇಳಿದ ಮೇಲೆ ದಿನಾ ಸಂಜೆ ಮಶೀನು ನಿಲ್ಲಿಸಿ ತಾವೇ ತಿಂಡಿ ಮಾಡತೊಡಗಿದರು. ಸೌತೆಕಾಯಿಯನ್ನು ದುಂಡಗೆ ಹೆಚ್ಚಿ, ಒಂದೊಂದರ ಮೇಲೂ ಚೂರು ಗಟ್ಟಿ ಮೊಸರು, ಮೊಳಕೆ ಹೆಸರುಕಾಳು, ತುರಿದ ಗಜ್ಜರಿ ಇಡುವರು. ಗುಂಡಿ ಹಚ್ಚುವಾಗಿನ ಹಾಗೆಯೇ ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಇಡುವರು.

"ಹಗುರ ಐತಿ, ಒಂದು ತಿನ್ನು," ಎನ್ನುತ್ತ ಹೆಂಡತಿಯ ಬಾಯಿಗೆ ಹಿಡಿಯುವರು. ಆಕೆ ಓಣಿಯ ಮೂಲೆಯ ಮಿರ್ಚಿ ಭಜಿಯ ಬಂಡಿಯನ್ನು ನೋಡುತ್ತಲೇ ಬಾಯಿ ತೆರೆಯುವರು.

ಹೋದ ವರ್ಷ ಆಕೆ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯದಂದು ಟೇಲರ್ ಅದೇ ತಿಂಡಿಯ ತಟ್ಟೆ ಹಿಡಿದು ಫೋಟೋದ ಮುಂದೆ ಎಡೆ ಇಡಲು ಬಂದರು. ಆಕೆಯ ಅಕ್ಕ ತಡೆದರು.

"ಬ್ಯಾಡ್ರಿ. ಅಕಿಗೆ ಭಜಿ ಅಂದ್ರ ಜೀವ ಇತ್ತು. ಇವತ್ತರ ಬಿಡ್ರಿ."

ಟೇಲರ್ ತಟ್ಟೆಯನ್ನು ಕಿಟಕಿಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಬಂಡಿಗೆ ಹೋಗಿ, ಬಿಸಿ ಭಜಿ ತಂದು ತಾವೇ ಎಡೆಯಿಟ್ಟರು.

ಮಂದಿ ಉಂಡು ಹೋದ ಮೇಲೆ ಆ ತಟ್ಟೆಯೊಂದಿಗೆ ನನ್ನ ಬಾಗಿಲಿಗೆ ಬಂದರು. ಸೌತೆಕಾಯಿ ನೀರು ಬಿಟ್ಟಿತ್ತು.

"ಖರೇ ಹೇಳ್ರಿ ಸರ, ಇದು ರುಚಿ ಐತೇನು? ಅಕಿ ಒಮ್ಮೆನೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಒಂದನ್ನು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಹಾಗೆಂದೇ ಹೇಳಿದೆ. ಅವರು ನನ್ನ ಹೊಸ್ತಿಲಲ್ಲಿ ಕುಳಿತು, ತಾವೂ ಒಂದನ್ನೆತ್ತಿ ನಿಧಾನವಾಗಿ ಅಗಿದರು. ಅಷ್ಟು ದಿನ ಮಾಡಿದ್ದನ್ನು ಅವರು ಒಮ್ಮೆಯೂ ತಿಂದು ನೋಡಿರಲಿಲ್ಲ.